ಅಕ್ಕ ಹೆಚ್ಚಿದ ಕಾದಂಬರಿ

ನನ್ನ ಅಕ್ಕ ಕಾದಂಬರಿಗಳನ್ನು ಓದುವುದಿಲ್ಲ, ಹೆಚ್ಚುತ್ತಾಳೆ. ಹೌದು, ನಾವು ನೀವು ಹುರುಳಿಕಾಯಿ ಹೆಚ್ಚುತ್ತೇವಲ್ಲ, ಹಾಗೆಯೇ, ಅದೇ ಈಳಿಗೆಮಣೆಯ ಮೇಲೆ! ಉಗಾದಿಯ ದಿನ ಬೇವುಬೆಲ್ಲ ಬಾಯಿಗೆ ಹಾಕಿಕೊಂಡು, ದೇವರಿಗೆ ಕೈಮುಗಿದು, ಈ ವರ್ಷ ಇಂಥ ಕಾದಂಬರಿ ಎಂದು ಸಂಕಲ್ಪ ಮಾಡಿ, ಅಡುಗೆಮನೆಯ ನೆಲದ ಮೇಲೆ ಕಾಲು ಮಡಚಿ ಕೂತಳೆಂದರೆ ಮುಗಿಯಿತು. ದಿಂಬಿನಷ್ಟು ದಪ್ಪದ ಗ್ರಂಥ ಹೋಳುಹೋಳಾಗಿ ಪಕ್ಕಕ್ಕೆ ಬೀಳುತ್ತದೆ. ರಟ್ಟು, ಬೈಂಡಿಂಗು, ಮುನ್ನುಡಿ ಬರೆದವರ ಘನತೆ, ಯಾವುದಕ್ಕೂ ಕರುಣೆಯಿಲ್ಲ.

"ಇದೇನೇ ಅಕ್ಕ ಅನ್ಯಾಯ!" ಎಂದು ಮೊದಲ ಸಲ ನೋಡಿದಾಗ ನಾನು ಕಿರುಚಿದ್ದೆ.

"ಇಡೀ ಪುಸ್ತಕ ಹೊತ್ಕೊಂಡು ತರಕಾರಿಗೆ ಹೋಗಕ್ಕಾಗುತ್ತೇನೇ? ಹೋಳಾದ್ರೆ ಚೀಲದಲ್ಲಿ ಕೊತ್ತಂಬರಿ ಸೊಪ್ಪಿನ ಪಕ್ಕ ತೆಪ್ಪಗೆ ಕೂತಿರುತ್ತೆ."

"ಅಷ್ಟು ಕಷ್ಟ ಇದ್ರೆ ಸಣ್ಣ ಕಾದಂಬರಿ ಓದು."

"ಸಣ್ಣದು ನನಗೆ ಸಾಲಲ್ಲ ಕಣೇ," ಎಂದಳು.

ಎಂಥ ಜಂಬ ನೋಡಿ! ಆ ಮಾತು ನನ್ನ ಹೊಟ್ಟೆಯೊಳಗೆ ಹೋಗಿ ಕೂತದ್ದು ಬಹಳ ಕಾಲ ಹೊರಗೆ ಬರಲಿಲ್ಲ.

ಹೊಟ್ಟೆಕಿಚ್ಚೇ ಎಂದು ಕೇಳುತ್ತೀರಾ? ಹೊಟ್ಟೆಕಿಚ್ಚೇ! ಬೇರೆ ಹೆಸರಿಟ್ಟು ಯಾಕೆ ಕರೆಯಲಿ? ನಾವಿಬ್ಬರೂ ತಿಪಟೂರಿನಲ್ಲಿ ಒಂದೇ ಚಾಪೆಯ ಮೇಲೆ ಬೆಳೆದವರು. ಜಡೆ ಅವಳದೇ ಉದ್ದ. ಮನೆಗೆ ಬಂದವರ ಮುಂದೆ ಅವಳು ಹಾಡಿದರೆ ಅವರು ಕಾಫಿ ಲೋಟ ಕೆಳಗಿಟ್ಟು ಕೇಳುತ್ತಿದ್ದರು. ನಾನು ಹಾಡಿದರೆ ಕಾಫಿ ಬೇಗ ಕುಡಿದು ಹೊರಡುತ್ತಿದ್ದರು. ಮುಂದೆ ಅವಳನ್ನು ನೌಕಾಪಡೆಯವರಿಗೆ ಕೊಟ್ಟರು, ನನ್ನನ್ನು ಬ್ಯಾಂಕಿನವರಿಗೆ. ಅವಳಿಗೆ ವಿಶಾಖಪಟ್ಟಣದ ಮಧುರವಾಡದಲ್ಲಿ ಫ್ಲ್ಯಾಟು, ಬಾಲ್ಕನಿಯಲ್ಲಿ ನಿಂತರೆ ಸಮುದ್ರದ ಗಾಳಿ. ನಮ್ಮವರಿಗೆ ವರ್ಗವಾದದ್ದು ವಿಜಯವಾಡಕ್ಕೆ. ಭವಾನಿಪುರಂನಲ್ಲಿ ಬಾಡಿಗೆ ಮನೆ. ಕೃಷ್ಣಾ ನದಿ ಹತ್ತಿರವೇ ಇದೆ, ಒಪ್ಪಿದೆ. ಆದರೆ ಬೇಸಿಗೆಯಲ್ಲಿ ನಮ್ಮ ಮನೆಯ ನಲ್ಲಿ ತಿರುಗಿಸಿದರೆ ಬರುವ ನೀರಿಗೆ ಹಾಗೆಯೇ ಕಾಫಿಪುಡಿ ಹಾಕಬಹುದು!

ಇಷ್ಟನ್ನೂ ನಾನು ಸಹಿಸಿಕೊಂಡೆ. ಯಾಕೆಂದರೆ ಓದು ಒಂದು ನನ್ನದಾಗಿತ್ತು. ಲೈಬ್ರರಿಯಿಂದ ಪುಸ್ತಕ ತರುತ್ತಿದ್ದವಳು ನಾನು. ಊಟಕ್ಕೆ ಕರೆದರೂ ಏಳದೆ ಬೈಸಿಕೊಳ್ಳುತ್ತಿದ್ದವಳು ನಾನು. "ಚಿಕ್ಕವಳು ಓದುಬಾಕಿ" ಎಂದು ಅಪ್ಪ ನೆಂಟರ ಮುಂದೆ ಹೇಳುತ್ತಿದ್ದ ಒಂದೇ ಒಂದು ಹೊಗಳಿಕೆ ನನ್ನ ಪಾಲಿನದು. ಅಕ್ಕ ಪಠ್ಯಪುಸ್ತಕವನ್ನೂ ಮುಟ್ಟಿದವಳಲ್ಲ. ಅಂಥವಳು ಮದುವೆಯಾಗಿ ವಿಶಾಖಪಟ್ಟಣ ಸೇರಿದ ಮೇಲೆ ಇದ್ದಕ್ಕಿದ್ದಂತೆ ಉಗಾದಿಯಿಂದ ಉಗಾದಿಗೆ ಒಂದೊಂದು ಮಹಾಕಾದಂಬರಿ ಎಂದು ಪಣ ತೊಟ್ಟು ಕೂತರೆ, ನನಗೆ ಉಳಿದದ್ದೇನು?

ಸಾಲದ್ದಕ್ಕೆ ಎರಡೂ ಊರಿನ ಕನ್ನಡದ ಹೆಂಗಸರ ವಾಟ್ಸಾಪ್ ಗುಂಪೊಂದಿದೆ. ನೇವಿಯವರು, ಬ್ಯಾಂಕಿನವರು, ಎಲ್ಲ ಸೇರಿ. ಮೊದಲು ಅದರಲ್ಲಿ ಹಬ್ಬದ ಶುಭಾಶಯ, ಬಸ್ಸಾರಿನ ಫೋಟೋ ಇಷ್ಟೇ ಬರುತ್ತಿದ್ದವು. ಈಗ ಬರುವುದು ಅಕ್ಕನ ವರದಿ. "ಮೂರನೇ ಹೋಳು ಮುಗಿಯಿತು." ಅದಕ್ಕೆ ಸಾಲುಸಾಲು ಹೂವು, ಚಪ್ಪಾಳೆ. ವಿಜಯವಾಡದಲ್ಲಿ ಅರಿಶಿನ ಕುಂಕುಮಕ್ಕೆ ಯಾರ ಮನೆಗೆ ಹೋದರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ನಿಮ್ಮ ಅಕ್ಕ ಈಗ ಎಷ್ಟನೇ ಹೋಳಲ್ಲಿದ್ದಾರೆ?" ನಾನು ಹೇಗಿದ್ದೇನೆ ಎಂದು ಕೇಳುವವರಿಲ್ಲ!

ಒಮ್ಮೆ ನನ್ನದೇ ಪುಸ್ತಕ ತೆಗೆದುಕೊಂಡು ಹೋದಳು. ಮದುವೆಯಲ್ಲಿ ನನ್ನ ಟೀಚರು ಉಡುಗೊರೆ ಕೊಟ್ಟದ್ದು, ನಾನು ಹಾಳೆಗೆ ಮಡಿಕೆ ಬೀಳದಂತೆ ಇಟ್ಟುಕೊಂಡದ್ದು. ಅದನ್ನೂ ಹೆಚ್ಚಿಬಿಟ್ಟಳು. ಓದಿ ಮುಗಿದ ಮೇಲೆ ಎಲ್ಲ ಹೋಳುಗಳನ್ನೂ ಜೋಡಿಸಿ, ಗೋಣಿಚೀಲ ಹೊಲಿಯುವ ದಬ್ಬಳ ತೆಗೆದುಕೊಂಡು, ಗಟ್ಟಿ ದಾರದಲ್ಲಿ ಹೊಲಿದು, ಹಳೆಯ ರೇಷ್ಮೆ ಸೀರೆಯ ಅಂಚನ್ನು ಬೆನ್ನಿಗೆ ಅಂಟಿಸಿ ವಾಪಸು ತಂದುಕೊಟ್ಟಳು. ಈಗ ಜಗಳವಾಡಲೇಬೇಕು ಎಂದು ನಾನು ಸೆರಗು ಸಿಕ್ಕಿಸಿದೆ. ಅಷ್ಟರಲ್ಲಿ ನಮ್ಮವರು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, "ಮೊದಲಿಗಿಂತ ಗಟ್ಟಿಯಾಗಿದೆ ಕಣೇ, ನಮ್ಮ ಬ್ಯಾಂಕಿನ ಹಳೇ ರಿಜಿಸ್ಟರುಗಳನ್ನೂ ಅತ್ತಿಗೆಗೇ ಕೊಡಬಹುದು," ಎಂದುಬಿಟ್ಟರು. ಇಂಥ ಗಂಡನನ್ನು ಕಟ್ಟಿಕೊಂಡು ಯಾರ ಮೇಲೆ ಯುದ್ಧ ಸಾರುವುದು?

ಇನ್ನು ಸೂತಕದ ಕಥೆ. ಹೌದು, ಕಾದಂಬರಿಯಲ್ಲಿ ಅಕ್ಕನಿಗೆ ಬೇಕಾದವರು ಯಾರಾದರೂ ಸತ್ತರೆ ಅವಳು ಸೂತಕ ಆಚರಿಸುತ್ತಾಳೆ! ಮನೆಯಲ್ಲಿ ಸಿಹಿ ಮಾಡುವುದಿಲ್ಲ, ಹಬ್ಬಕ್ಕೆ ಹೋಗುವುದಿಲ್ಲ, ತಲೆಗೆ ಹೂವಿಲ್ಲ. ಒಂದು ವರ್ಷ ಅವಳು ಓದುತ್ತಿದ್ದ ರಷ್ಯಾದ ಕಾದಂಬರಿಯಲ್ಲಿ ಒಬ್ಬ ಮುದಿ ಜಮೀನ್ದಾರ ತೀರಿಕೊಂಡ. ಅದೇ ವಾರ ಎದುರು ಫ್ಲ್ಯಾಟಿನ ತೆಲುಗು ಹೆಂಗಸಿನ ಮಗಳ ಮನೆಯ ಗೃಹಪ್ರವೇಶ. "ನಮಗೆ ಸೂತಕ, ಬರುವ ಹಾಗಿಲ್ಲ," ಎಂದು ಅಕ್ಕ ಹೇಳಿ ಕಳಿಸಿದಳು. ಆಕೆ ಪಾಪ, ಬಾಳೆಹಣ್ಣು ಹಿಡಿದುಕೊಂಡು ಮಾತಾಡಿಸಲು ಬಂದರು.

"ಅಯ್ಯೋ, ಎವರು ಪೋಯಾರಂಡಿ?" ಎಂದು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದರು. ಯಾರು ಹೋದದ್ದು ಎಂದು.

ಅಕ್ಕ ತನ್ನ ಅರ್ಧಂಬರ್ಧ ತೆಲುಗಿನಲ್ಲಿ, "ಒಬ್ಬ ಜಮೀನ್ದಾರರು ಅಂಡಿ, ಚಾಲಾ ಮಂಚಿವಾರು, ರಷ್ಯಾ ಕಡೆಯವರು," ಎಂದಳು. ಬಹಳ ಒಳ್ಳೆಯವರು ಎಂದು.

ಆಕೆ ಬಾಳೆಹಣ್ಣು ಅಲ್ಲೇ ಇಟ್ಟು ಕಣ್ಣರಳಿಸಿದರು. "ರಷ್ಯಾಲೋ ಕೂಡಾ ಮೀಕು ಚುಟ್ಟಾಲು ಉನ್ನಾರಾ?" ರಷ್ಯಾದಲ್ಲೂ ನಿಮಗೆ ನೆಂಟರಿದ್ದಾರೆಯೇ!

ನಾನಾಗಿದ್ದರೆ ಆ ಅಪಾರ್ಟ್‌ಮೆಂಟಿನಲ್ಲಿ ನನ್ನನ್ನು ಮತ್ತೆ ಯಾರೂ ಮಾತಾಡಿಸುತ್ತಿರಲಿಲ್ಲ. ಅಕ್ಕನ ಅದೃಷ್ಟ ನೋಡಿ, ವಿಷಯ ತಿಳಿದ ಮೇಲೆ ಆಕೆಗೆ ಸಿಟ್ಟು ಬರಲಿಲ್ಲ, ಕುತೂಹಲ ಬಂತು. ಮಾರನೆಯ ದಿನದಿಂದ ಸಂಜೆಯಾದರೆ ಆ ಮಹಡಿಯ ಹೆಂಗಸರೆಲ್ಲ ಹೂ ಕಟ್ಟುತ್ತ ಅಕ್ಕನ ಮನೆಯಲ್ಲಿ ಹಾಜರು. ಆ ಜಮೀನ್ದಾರರ ಆಸ್ತಿ ಯಾರಿಗೆ ಹೋಯಿತು ಎಂದು ತಿಳಿಯುವವರೆಗೂ ಏಳುತ್ತಿರಲಿಲ್ಲವಂತೆ. ಇದನ್ನು ಕೇಳಿ ನಾನೂ ಭವಾನಿಪುರಂನ ಪಕ್ಕದ ಮನೆಯವರಿಗೆ ಒಂದು ಕಾದಂಬರಿಯ ಕಥೆ ಶುರುಮಾಡಿದೆ. ಆಕೆ ಎರಡು ನಿಮಿಷ ಕೇಳಿ, ನಿಮ್ಮ ಕುಕ್ಕರ್ ಕೂಗುತ್ತಿದೆ ಎಂದು ಎದ್ದುಹೋದರು. ಕುಕ್ಕರನ್ನು ನಾನು ಒಲೆಯ ಮೇಲೆ ಇಟ್ಟೇ ಇರಲಿಲ್ಲ.

ಇನ್ನು ತಡೆಯಲಾಗಲಿಲ್ಲ. ಕಳೆದ ಉಗಾದಿಯ ದಿನ ಅಕ್ಕ ಗುಂಪಿನಲ್ಲಿ ಹೊಸ ಕಾದಂಬರಿ ಘೋಷಿಸಿದ ಕೂಡಲೇ ನಾನೂ ಹಾಕಿದೆ: "ಅದೇ ಪುಸ್ತಕ ನಾನೂ ಓದುತ್ತೇನೆ. ನೋಡೋಣ, ಯಾರು ಮೊದಲು ಮುಗಿಸುತ್ತಾರೆ!" ಪುಸ್ತಕದ ಹೆಸರು ನಿಮಗೆ ಹೇಳುವುದಿಲ್ಲ. ಹೇಳಿದರೆ ನೀವು, "ಓ, ಅದಾ, ನಾನು ಕಾಲೇಜಿನಲ್ಲೇ ಓದಿದ್ದೆ," ಎನ್ನುತ್ತೀರಿ. ನನಗೆ ಒಬ್ಬಳ ಮೇಲಿನ ಹೊಟ್ಟೆಯುರಿಯೇ ಸಾಕಾಗಿದೆ. ಹಿಮ ಬೀಳುವ ದೇಶದ ಕಥೆ, ಕನ್ನಡಕ್ಕೆ ಬಂದದ್ದು. ಗಂಡ ಯುದ್ಧಕ್ಕೆ ಹೋಗಿದ್ದಾನೆ, ಹೆಂಡತಿ ಕಾಯುತ್ತಿದ್ದಾಳೆ. ಇಷ್ಟು ತಿಳಿದರೆ ಸಾಕು.

"ನೀನಾ?" ಎಂದರು ನಮ್ಮವರು. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ. ಮಗಳು, "ಅಮ್ಮಾ, ದೊಡ್ಡಮ್ಮನ ಜೊತೆ ಪೋಟಿ ನಾ? ವದ್ದಮ್ಮಾ!" ಎಂದಳು. ಪೈಪೋಟಿ ಬೇಡಮ್ಮಾ ಎಂದು. ಅವಳಿಗೆ ಬುದ್ಧಿ ಹೇಳಬೇಕಾದರೆ ತೆಲುಗೇ ಸುಲಭ.

ನಾನು ಹಟ ಬಿಡಲಿಲ್ಲ. ಸಾರು ಕುದಿಯುವಾಗ ಓದಿದೆ, ಸಾರು ತಳ ಹತ್ತಿತು. ಹಾಲಿನ ಮುಂದೆ ನಿಂತು ಓದಿದೆ, ಹಾಲು ಉಕ್ಕಿತು. ಆ ದೇಶದವರ ಹೆಸರುಗಳೋ, ಒಬ್ಬೊಬ್ಬರಿಗೂ ಮನೆಯಲ್ಲೊಂದು, ಹೊರಗೊಂದು, ಸಿಟ್ಟು ಬಂದಾಗ ಇನ್ನೊಂದು. ಅವರ ಮಗ ಇವರ ಅಳಿಯ ಎಂದು ಗೊತ್ತಾಗುವಷ್ಟರಲ್ಲಿ ಇಬ್ಬರೂ ಬೇರೆ ಊರಿಗೆ ಹೋಗಿರುತ್ತಿದ್ದರು. ಬೇಸತ್ತು ಒಂದು ದಿನ ಇಂಟರ್ನೆಟ್ಟಿನಲ್ಲಿ ಸಾರಾಂಶ ಹುಡುಕಿದೆ. ಅರ್ಧ ಪುಸ್ತಕ ಎರಡು ಪುಟದಲ್ಲಿ! ಅಕ್ಕನಿಗೆ ಫೋನು ಮಾಡಿ, ಏನೂ ಆಗದವಳಂತೆ, "ಅಕ್ಕಾ, ನಾನು ಅವರು ಊರು ಬಿಡೋ ಹತ್ರ ಬಂದೆ," ಎಂದೆ.

"ಭೇಷ್. ಹಾಗಾದ್ರೆ ಹೇಳು, ಆ ಹೆಂಡ್ತಿ ತನ್ನ ಕೆಂಪು ಶಾಲನ್ನ ಯಾರಿಗೆ ಕೊಟ್ಳು?"

ಸಾರಾಂಶ ಬರೆದ ಪುಣ್ಯಾತ್ಮ ಶಾಲಿನ ವಿಷಯ ಬರೆದೇ ಇರಲಿಲ್ಲ!

"ಅತ್ತೆಗೆ," ಎಂದೆ, ಧೈರ್ಯ ಮಾಡಿ.

"ಅತ್ತೆ ಸತ್ತು ಎರಡು ಹೋಳಾಯ್ತು. ಹೋಗು, ಸಾರು ನೋಡ್ಕೋ," ಎಂದಳು.

ಆ ಅವಮಾನಕ್ಕೆ ಮತ್ತೆ ಮೊದಲಿನಿಂದ ಶುರುಮಾಡಿದೆ. ಈ ಸಲ ಶಾಲು, ಟೋಪಿ, ಕಾಲುಚೀಲ ಯಾವುದನ್ನೂ ಬಿಡದೆ ಓದಿದೆ. ಅಷ್ಟರಲ್ಲಿ ದಸರಾ ಬಂತು, ಅಕ್ಕ ಗುಂಪಿನಲ್ಲಿ ಬರೆದಳು: "ಕೊನೆಯ ಹೋಳೊಂದು ಬಾಕಿ." ಮುಗಿಯಿತು ನನ್ನ ಕಥೆ ಎಂದುಕೊಂಡೆ. ಆದರೆ ದೀಪಾವಳಿ ಹೋಯಿತು, ಕಾರ್ತಿಕ ದೀಪಗಳು ಬಂದವು, ಅಕ್ಕ ಮಾತ್ರ ಅಲ್ಲೇ. ಯಾರು ಕೇಳಿದರೂ "ಕೊನೆಯ ಹೋಳು ಬಾಕಿ." ಆಹಾ! ಕೊನೆಗೂ ಅಕ್ಕನಿಗೆ ಸುಸ್ತಾಗಿದೆ! ನಾನು ನಿದ್ದೆ, ಸೀರಿಯಲ್ಲು, ಪಕ್ಕದ ಮನೆಯವರ ಮಾತು ಎಲ್ಲ ಬಿಟ್ಟು ಓದಿದೆ. ಮೊದಮೊದಲು ಅವಳನ್ನು ಸೋಲಿಸಲು ಓದುತ್ತಿದ್ದವಳು, ಯಾವಾಗಲೋ ಆ ಹೆಂಡತಿಯ ಜೊತೆ ಕಿಟಕಿಯಲ್ಲಿ ನಿಂತು ನಾನೂ ಕಾಯತೊಡಗಿದ್ದೆ.

ಒಂದು ಮಧ್ಯಾಹ್ನ ಮುಗಿಯಿತು. ಕೊನೆಗೆ ಅವನು ಬರುವುದಿಲ್ಲ. ಅವನ ಕುದುರೆ ಒಂದೇ ಬರುತ್ತದೆ. ಬಾಗಿಲಲ್ಲಿ ನಿಂತು ಅವಳು ಕುದುರೆಯ ಕೊರಳು ಸವರುತ್ತಾಳೆ, ಅಷ್ಟೇ. ನಾನು ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ನಡುಮನೆಯಲ್ಲಿ ಕುಣಿದೆ. ಗೆದ್ದೆ! ಹುಟ್ಟಿದ ಮೇಲೆ ಮೊದಲ ಸಲ ಅಕ್ಕನನ್ನು ಗೆದ್ದೆ!

ಇದನ್ನು ಗುಂಪಿನಲ್ಲಿ ಹಾಕಿದರೆ ಏನು ಸುಖ? ಅವಳ ಮುಖ ನೋಡಬೇಡವೇ? ಮಾರನೆಯ ಬೆಳಗಿನ ರೈಲು ಹಿಡಿದೆ. ಕೈಯಲ್ಲಿ ಒಂದು ಡಬ್ಬಿ ಪೂತರೇಕುಲು. ಹಾಳೆಯಂಥ ತೆಳು ಅಕ್ಕಿ ಪದರದಲ್ಲಿ ತುಪ್ಪ, ಬೆಲ್ಲ ಸುತ್ತಿದ ಇಲ್ಲಿನ ಸಿಹಿ. ಅಕ್ಕನ ಮನೆಗೆ ನಾನು ಸಿಹಿ ತೆಗೆದುಕೊಂಡು ಹೋದದ್ದು ಅದೇ ಮೊದಲು. ದಾರಿಯುದ್ದಕ್ಕೂ, "ಅಕ್ಕಾ, ಬಾಯಿ ತೆಗಿ, ಮೊದಲು ಸಿಹಿ, ಆಮೇಲೆ ಸುದ್ದಿ," ಎಂಬ ಮಾತನ್ನು ಬೇರೆ ಬೇರೆ ಧಾಟಿಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಎದುರು ಸೀಟಿನವರು ನನ್ನನ್ನು ಒಂದು ಥರಾ ನೋಡುತ್ತಿದ್ದರು.

ಬಾಗಿಲು ತೆಗೆದ ಅಕ್ಕ ಸ್ವಲ್ಪ ಇಳಿದುಹೋದಂತೆ ಕಂಡಳು. ಮಗ ಹಾಸ್ಟೆಲಿನಲ್ಲಿದ್ದಾನೆ, ಭಾವ ಹಡಗಿನಲ್ಲಿ, ಮನೆಯಲ್ಲಿ ಅವಳೊಬ್ಬಳೇ. ಯಾವಾಗಲೂ ಮಾತಾಡುವ ಟಿ.ವಿ. ಬಾಯಿ ಮುಚ್ಚಿಕೊಂಡಿತ್ತು.

"ಯಾಕೆ, ಟಿ.ವಿ. ಕೆಟ್ಟಿದೆಯಾ?"

"ಕೆಟ್ಟಿಲ್ಲ. ಹಾಕಿದ್ರೆ ಬರೀ ವಾಯುಗುಂಡಂ, ವಾಯುಗುಂಡಂ ಅಂತಾರೆ. ಕೇಳಕ್ಕಾಗಲ್ಲ," ಎಂದಳು. ಬಂಗಾಳಕೊಲ್ಲಿಯ ವಾಯುಭಾರ ಕುಸಿತಕ್ಕೆ ತೆಲುಗಿನಲ್ಲಿ ಹಾಗೆನ್ನುತ್ತಾರೆ.

ಕಾಲು ತೊಳೆದು ದೇವರಿಗೆ ಕೈಮುಗಿಯಲು ಹೋದೆ. ದೇವರ ಗೂಡಿನಲ್ಲಿ, ನಂದಾದೀಪದ ಪಕ್ಕದಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಟ್ಟ ಗಂಟೊಂದಿತ್ತು. ಮೇಲೆ ಅರಿಶಿನ ಕುಂಕುಮ, ಒಂದು ದಾಸವಾಳ. ಬಟ್ಟೆಯ ಸಂದಿನಲ್ಲಿ ಅಚ್ಚಿನ ಅಕ್ಷರ ಕಂಡಿತು. ಕೊನೆಯ ಹೋಳು! ಅಯ್ಯೋ ನನ್ನ ಸಂತೋಷವೇ!

"ಏನಕ್ಕಾ ಇದು! ಓದಕ್ಕಾಗದೆ ಪೂಜೆಗಿಟ್ಟಿದ್ದೀಯಾ?" ಎಂದು ಕೈ ತಟ್ಟಿ ನಕ್ಕೆ.

ಅಕ್ಕ ನಗಲಿಲ್ಲ. ಬತ್ತಿಯನ್ನು ಸ್ವಲ್ಪ ಮುಂದೆ ತಳ್ಳಿದಳು.

"ಅದು ನಿಮ್ಮ ಭಾವ ಬಂದ ಮೇಲೆ ಕಣೇ. ಕೊನೇ ಹೋಳು ಯಾವಾಗ್ಲೂ ಅವರೇ ಓದೋದು, ನಾನು ಕೇಳೋದು. ಪ್ರತಿ ವರ್ಷ ಹಾಗೇ. ಸಣ್ಣ ಕಾದಂಬರಿ ಆದ್ರೆ ಅವರು ಬರೋ ಮುಂಚೇನೇ ಮುಗಿದುಹೋಗುತ್ತೆ. ಅದಕ್ಕೇ ದಪ್ಪದ್ದು ಹಿಡಿಯೋದು. ಕಥೆ ಬಾಕಿ ಇದ್ರೆ ಕೇಳಿಸೋಕೆ ಅವರು ಬಂದೇ ಬರ್ತಾರೆ ಅಂತ ನನಗೊಂದು ಧೈರ್ಯ. ಹುಚ್ಚು ಅಂತೀಯಾ? ಅನ್ನು."

ಗಂಟಿನ ಮೇಲಿನ ದಾಸವಾಳವನ್ನು ಸರಿಮಾಡಿ ಅವಳೇ ಮುಂದುವರಿಸಿದಳು.

"ಈ ಹೊತ್ತಿಗೆ ಬರ್ಬೇಕಿತ್ತು. ತಡ ಆಗುತ್ತೆ ಅಂತ ಹೇಳಿ ಕಳಿಸಿದ್ರು. ಎಷ್ಟು ತಡ ಅಂತ ಅವರು ಹೇಳಲ್ಲ, ನಾವು ಕೇಳಲ್ಲ. ನಡುನೀರಿನಲ್ಲಿ ಫೋನೂ ಸಿಗಲ್ಲ. ಈ ಗಾಳಿ ಬೇರೆ."

ಸಣ್ಣದು ನನಗೆ ಸಾಲಲ್ಲ ಎಂದಿದ್ದಳಲ್ಲ, ಅದರ ಅರ್ಥ ಇದು! ಇಷ್ಟು ವರ್ಷ ನಾನು ಕಿಚ್ಚುಪಟ್ಟದ್ದು ಯಾವುದಕ್ಕೆ? ನಮ್ಮವರು ದಿನಾ ಸಂಜೆ ಬ್ಯಾಂಕಿನಿಂದ ಬಂದು, ಚಪ್ಪಲಿಯನ್ನು ಅಡ್ಡಾದಿಡ್ಡಿ ಬಿಟ್ಟು, ಕಾಫಿ ಎನ್ನುತ್ತಾರೆ. ನನಗೆ ದಪ್ಪ ಪುಸ್ತಕ ಯಾಕೆ ಬೇಕು? ನನಗೆ ಅಳು ಬರುವಂತಾಯಿತು, ಆದರೆ ಅಳುವ ಹಾಗಿರಲಿಲ್ಲ. ಯಾಕೆಂದರೆ ಅಕ್ಕ ಕೇಳಿದಳು, "ನೀನು ಎಲ್ಲಿಗೆ ಬಂದೆ? ಮುಗೀತಾ? ಅವನು ಬರ್ತಾನೇನೇ ಕೊನೆಗೆ?"

ದಾರಿಯುದ್ದಕ್ಕೂ ಅಭ್ಯಾಸ ಮಾಡಿದ ಮಾತು ನಾಲಿಗೆಯ ತುದಿಯಲ್ಲಿತ್ತು. ಆ ಕುದುರೆಯೂ ಅಲ್ಲೇ ನಿಂತಿತ್ತು.

"ಎಲ್ಲಿ ಮುಗಿಯುತ್ತೆ! ಅರ್ಧಕ್ಕೆ ಬಿಟ್ಟೆ ಕಣೇ. ನನ್ನ ಕೈಲಾಗಲ್ಲ ಈ ದಪ್ಪ ಪುಸ್ತಕ. ಸೋತೆ, ಹೋಗತ್ಲಾಗೆ!" ಎಂದೆ.

"ಮತ್ತೆ ಈ ಪೂತರೇಕುಲು ಯಾಕೆ ತಂದೆ?"

"ಸುಮ್ನೆ. ಚೆನ್ನಾಗಿತ್ತು, ತಂದೆ. ತಂಗಿ ಸಿಹಿ ತರಬಾರದಾ?"

ಆ ಸಂಜೆ ಆಟೋ ಮಾಡಿಕೊಂಡು ಭೀಮುನಿಪಟ್ಟಣಕ್ಕೆ ಹೋದೆವು. ಅಲ್ಲಿಯ ಸಮುದ್ರದಂಡೆಯ ಕಲ್ಲುಬೆಂಚು ಅಕ್ಕನ ಓದಿನ ಜಾಗ. "ಅಲ್ಲಿ ಗಾಳಿಗೆ ಹಾಳೆ ತಾನಾಗೇ ತಿರುಗುತ್ತೆ," ಎಂದು ಗುಂಪಿನಲ್ಲಿ ಫೋಟೋ ಹಾಕಿದಾಗೆಲ್ಲ ನಾನು ವಿಜಯವಾಡದಲ್ಲಿ ಬೆವರು ಒರೆಸಿಕೊಂಡು ಹಲ್ಲು ಕಡಿಯುತ್ತಿದ್ದೆ. ಈಗ ನೋಡಿದರೆ ಆ ಬೆಂಚಿನಲ್ಲಿ ಕೂತವರಿಗೆ ಎದುರಿಗೆ ನೀರು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮೀನುಗಾರರು ದೋಣಿಗಳನ್ನು ಮೇಲೆ ಎಳೆದಿಟ್ಟಿದ್ದರು. ಅಲೆ ಕಲ್ಲಿಗೆ ಬಡಿದು ನಮ್ಮ ಸೀರೆಯವರೆಗೂ ಸಿಡಿಯುತ್ತಿತ್ತು. ಅಕ್ಕ ಅಲೆ ನೋಡುವುದು, ನನ್ನ ಮುಖ ನೋಡುವುದು, ಮತ್ತೆ ಅಲೆ ನೋಡುವುದು. ನನಗೆ ಭಯ. ಚಿಕ್ಕಂದಿನಿಂದಲೂ ನನ್ನ ಮುಖದಲ್ಲಿ ಯಾವ ಗುಟ್ಟೂ ನಿಂತದ್ದಿಲ್ಲ. ಅದಕ್ಕೆ ಬಾಯಿ ನಿಲ್ಲಿಸಲೇ ಇಲ್ಲ. ನಮ್ಮವರ ಬ್ಯಾಂಕಿನ ಮ್ಯಾನೇಜರರ ಹೆಂಡತಿ ನಡೆಯುವುದನ್ನು ನಡೆದು ತೋರಿಸಿದೆ, ತಳ ಹತ್ತಿದ ಸಾರನ್ನು ನಮ್ಮವರು ಹೊಸ ರುಚಿ ಎಂದು ಹೊಗಳಿದ್ದನ್ನು ಹೇಳಿದೆ, ಕೂಗದ ಕುಕ್ಕರಿನ ಕಥೆ ಹೇಳಿದೆ, ನನ್ನ ಮಾತಿಗೆ ನಾನೇ ಬಿದ್ದು ಬಿದ್ದು ನಕ್ಕೆ. ಅಕ್ಕನೂ ನಕ್ಕಳು. ಹಾಗೆ ನಗಿಸುವುದು ಎಷ್ಟು ದಣಿವಿನ ಕೆಲಸವೆಂದು ನನಗೆ ಆವತ್ತೇ ಗೊತ್ತಾದದ್ದು.

ಕೆಲವು ವಾರಗಳ ಮೇಲೆ ಗುಂಪಿನಲ್ಲಿ ಅಕ್ಕನ ಸಂದೇಶ ಬಂತು. "ಮಂಗಳವಾಯಿತು. ಈ ವರ್ಷದ ಕಾದಂಬರಿ ಸಂಪೂರ್ಣ. ನಾನೇ ಮೊದಲು!" ಹೂವೇ ಹೂವು, ಚಪ್ಪಾಳೆಯೇ ಚಪ್ಪಾಳೆ. ನನ್ನ ಬೆರಳು ಎಷ್ಟು ತುರಿಸಿತೆಂದು ನಿಮಗೆ ಹೇಗೆ ಹೇಳಲಿ? ನಾನು ಮುಗಿಸಿ ಎಷ್ಟು ದಿನವಾಗಿತ್ತು! ಗಟ್ಟಿ ಮನಸ್ಸು ಮಾಡಿ, "ಅಭಿನಂದನೆ ಅಕ್ಕಾ, ನಾನು ಸೋತೆ," ಎಂದು ಒತ್ತಿ ಕಳಿಸಿದೆ. ಉರಿಯಿತೇ? ಉರಿಯಿತು. ಆದರೆ ಭಾವ ಬಂದರು ಎಂದು ಅದೇ ಸಂದೇಶದಿಂದ ಗೊತ್ತಾಗಿ, ದೇವರ ಮುಂದೆ ತುಪ್ಪದ ದೀಪವನ್ನೂ ಹಚ್ಚಿದೆ.

ಸ್ವಲ್ಪ ಹೊತ್ತಿಗೆ ಅವಳದೇ ಫೋನು. ಮೂಗು ಕಟ್ಟಿದ ದನಿ.

"ಕುದುರೆ ಒಂದೇ ಬಂತಲ್ಲೇ..."

ಹಿಂದಿನಿಂದ ಭಾವನ ದನಿ ಕೇಳಿಸಿತು: "ಹಾಗಾದ್ರೆ ಇವತ್ತು ಸೂತಕಾನಾ? ನಾನು ಬಂದಿದ್ದಕ್ಕೂ ಪಾಯಸ ಇಲ್ವಾ?"

"ನೀವು ಸುಮ್ನಿರಿ," ಎಂದು ಅವರನ್ನು ಗದರಿ, ಅಕ್ಕ ಫೋನಿಗೆ ಬಂದಳು. "ನೀನು ಆಗ್ಲೇ ಮುಗಿಸಿದ್ದೆ ಅಲ್ವೇನೇ?"

"ಇಲ್ಲಪ್ಪಾ! ಯಾರು ಹೇಳಿದ್ದು?"

"ಸಿಹಿ ತಂದಿದ್ಯಲ್ಲ. ಗೆದ್ದಿರದೆ ನೀನು ನನ್ನ ಮನೆಗೆ ಸಿಹಿ ತರ್ತೀಯಾ? ಡಬ್ಬಿ ನೋಡಿದ ಕೂಡ್ಲೇ ಗೊತ್ತಾಯ್ತು."

"ಗೊತ್ತಾಗಿದ್ರೆ ಮತ್ತೆ ಯಾಕೆ ಕೇಳ್ಲಿಲ್ಲ?"

"ಭಯ ಆಯ್ತು ಕಣೇ. ಅದಕ್ಕೇ ಸಾಯಂಕಾಲ ಪೂರ್ತಿ ನಿನ್ನ ಮುಖಾನೇ ನೋಡ್ತಾ ಕೂತಿದ್ದೆ. ಒಳಗೊಂದು ಇಟ್ಕೊಂಡು ಹೊರಗೊಂದು ಆಡೋಕೆ ನಿನಗೆ ಬರಲ್ವಲ್ಲ. ನೀನು ಅಷ್ಟು ನಗ್ತಾ ಇದ್ದೆ. ಸರಿ, ಹಾಗಾದ್ರೆ ಅವನು ಬರ್ತಾನೆ ಅಂದ್ಕೊಂಡೆ. ಎಷ್ಟೋ ದಿನದ ಮೇಲೆ ಅವತ್ತು ನಂಗೆ ನಿದ್ದೆ ಬಂತು."

ಎಲ್ಲ ಗೊತ್ತಿದ್ದೂ ಗುಂಪಿನಲ್ಲಿ ನಾನೇ ಮೊದಲು ಎಂದು ಹಾಕಿಕೊಂಡಳಲ್ಲ, ಅದನ್ನು ಕೇಳಲೇಬೇಕಿತ್ತು. ಬಾಯಿ ತೆರೆದೆ. ಆದರೆ ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಅಕ್ಕಾ, ಹಾಲು ಉಕ್ತಾ ಇದೆ," ಎಂದು ಫೋನಿಟ್ಟೆ. ಒಲೆಯ ಮೇಲೆ ಹಾಲೇ ಇರಲಿಲ್ಲ.